ಅಮ್ಮನ ಕೋಣೆಗೆ ಕೆಂಡ ಬೇಡ

ಪ್ರಶ್ನೆ: ಅಮ್ಮನಿಗೆ 74 ವರ್ಷ, ಬಿಪಿ ಉಂಟು. ಈಗ ಬೆಳಗಿನ ಜಾವ ಚಳಿ ಅಂತಾರೆ. ರಾತ್ರಿ ಕೋಣೆಯಲ್ಲಿ ಕೆಂಡ ಇಡಬಹುದಾ?
– ಓದುಗರು, ಉಡುಪಿ

ಉತ್ತರ: ದಯವಿಟ್ಟು ಇಡಬೇಡಿ. ಬಾಗಿಲು ಮುಚ್ಚಿದ ಕೋಣೆಯಲ್ಲಿ ಕೆಂಡದಿಂದ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಳ್ಳುತ್ತದೆ, ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ, ಮಲಗಿದವರಿಗೆ ಗೊತ್ತೇ ಆಗದೆ ಜೀವ ಹೋಗಬಹುದು. ಅದರ ಬದಲು ಸ್ವೆಟರ್, ಕಾಲುಚೀಲ, ಎರಡು ಹೊದಿಕೆ ಕೊಡಿ.

ನಮ್ಮ ಕರಾವಳಿಯಲ್ಲಿ ಜನವರಿಯಲ್ಲೂ ಮಧ್ಯಾಹ್ನ ಸೆಕೆಯೇ, ಅದಕ್ಕೇ ಬೆಳಗಿನ ಚಳಿಯನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಆದರೆ ಚಳಿಗೆ ರಕ್ತನಾಳ ಬಿಗಿಯಾಗಿ ಬಿಪಿ ಏರುತ್ತದೆ. ವಾಕಿಂಗ್ ಬಿಸಿಲು ಬಂದ ಮೇಲೆ ಸಾಕು. ಮಾತ್ರೆ ತಪ್ಪಿಸಬೇಡಿ. ಬಾಯಾರಿಕೆ ಇಲ್ಲ ಅಂದರೂ ನೀರು, ಬಿಸಿ ಗಂಜಿ ತಿಳಿ ಕೊಡ್ತಾ ಇರಿ. ಚರ್ಮ ಒಡೆದರೆ ಸ್ನಾನದ ನಂತರ ತೆಂಗಿನೆಣ್ಣೆ ಹಚ್ಚಿ. ಎದೆನೋವು, ಉಸಿರಾಟದ ತೊಂದರೆ ಬಂದರೆ ಕಷಾಯ ಮಾಡ್ತಾ ಕೂರಬೇಡಿ, ತಕ್ಷಣ 108ಕ್ಕೆ ಫೋನ್ ಮಾಡಿ.