ಕನ್ವರ್ಟರ್ ಬದಲಿಸುವ ಮೊದಲು ಏನೇನು ನೋಡಬೇಕು?

ಪ್ರಶ್ನೆ: ನನ್ನ ಪೆಟ್ರೋಲ್ ಕಾರಿನ ಚೆಕ್ ಎಂಜಿನ್ ದೀಪ ಆರುತ್ತಲೇ ಇಲ್ಲ. ಸ್ಕ್ಯಾನರ್ ಹಾಕಿದರೆ ಪಿ0420 ದೋಷದ ಕೋಡ್ ಬರುತ್ತದೆ. ಎಂಜಿನ್‌ನ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಹೋಗಿದೆ, ಹೊಸದು ಹಾಕಿಸಿ ಎನ್ನುತ್ತಾರೆ ಮೆಕ್ಯಾನಿಕ್. ಗಾಡಿ ಮಾತ್ರ ಚೆನ್ನಾಗಿಯೇ ಓಡುತ್ತಿದೆ. ಹಾಕಿಸಲೇಬೇಕೇ?

ಉತ್ತರ: ಈಗಲೇ ಬೇಡ. ಕನ್ವರ್ಟರ್‌ನ ಹಿಂದೆ ಕೂತಿರುವ ಆಕ್ಸಿಜನ್ ಸೆನ್ಸರ್ ಕೊಟ್ಟ ಲೆಕ್ಕ ನೋಡಿ ಕಂಪ್ಯೂಟರ್ ಈ ಕೋಡ್ ಹಾಕುತ್ತದೆ. ಆ ಲೆಕ್ಕ ತಪ್ಪಿದ್ದರೂ ಬರುವುದು ಇದೇ ಕೋಡ್.

ಜೊತೆಯಲ್ಲಿ ಬೇರೆ ಕೋಡ್ ಇದೆಯೇ ನೋಡಿ. ಪಿ0300ರಿಂದ ಪಿ0304ರವರೆಗಿನವು ಮಿಸ್‌ಫೈರ್‌ಗೆ, ಅಂದರೆ ಸಿಲಿಂಡರ್‌ನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯದಿರುವುದಕ್ಕೆ ಸೇರಿದವು. ಪಿ0171 ಇದ್ದರೆ ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆ, ಪಿ0172 ಇದ್ದರೆ ಹೆಚ್ಚು. ಇವುಗಳಲ್ಲಿ ಯಾವುದಿದ್ದರೂ ಅದರ ರಿಪೇರಿ ಮೊದಲು. ಆಮೇಲೆ ತಣ್ಣಗಿರುವ ಎಂಜಿನ್ ಸ್ಟಾರ್ಟ್ ಮಾಡಿ, ಮ್ಯಾನಿಫೋಲ್ಡ್‌ನಿಂದ (ಎಂಜಿನ್‌ನಿಂದ ಹೊಗೆ ಹೊರಬರುವ ಮೊದಲ ಕೊಳವೆ) ಹಿಂದಿನ ಸೆನ್ಸರ್‌ವರೆಗೆ ಪ್ರತಿ ಜಾಯಿಂಟ್ ಪರೀಕ್ಷಿಸಿ. ಟಿಕ್ ಟಿಕ್ ಸದ್ದು ಅಥವಾ ಕಪ್ಪು ಮಸಿಯ ಗೆರೆ ಇದ್ದರೆ ಅಲ್ಲಿ ಸೋರಿಕೆಯಿದೆ. ಸೋರುವ ಜಾಗದಿಂದ ಹೊಗೆ ಹೊರಗೆ ಬರುವುದಷ್ಟೇ ಅಲ್ಲ, ಹೊರಗಿನ ಗಾಳಿಯೂ ಒಳಗೆ ನುಗ್ಗುತ್ತದೆ. ಆ ಆಮ್ಲಜನಕ ಸೆನ್ಸರ್‌ನ ದಾರಿ ತಪ್ಪಿಸುತ್ತದೆ.

ಇವೆಲ್ಲ ಸರಿಯಿದ್ದರೆ ಗಾಡಿಯನ್ನು 15 ನಿಮಿಷ ಓಡಿಸಿ ಬಿಸಿ ಮಾಡಿ, 2500 ಆರ್‌ಪಿಎಂನಲ್ಲಿ ಹಿಡಿದು ಸ್ಕ್ಯಾನರ್‌ನಲ್ಲಿ ಕನ್ವರ್ಟರ್‌ನ ಮುಂದೆ ಮತ್ತು ಹಿಂದೆ ಇರುವ ಎರಡೂ ಸೆನ್ಸರ್‌ಗಳ ವೋಲ್ಟೇಜ್ ನೋಡಿ. ಮುಂದಿನದು 0.1 ಮತ್ತು 0.9 ವೋಲ್ಟ್ ನಡುವೆ ಬೇಗ ಬೇಗ ಏರಿಳಿಯುತ್ತದೆ. ಹಿಂದಿನದು 0.6–0.7 ವೋಲ್ಟ್ ಆಸುಪಾಸಿನಲ್ಲಿ ಹೆಚ್ಚು ಕದಲದೆ ನಿಲ್ಲಬೇಕು. ಕನ್ವರ್ಟರ್‌ನೊಳಗಿನ ಸೀರಿಯಂ ಆಕ್ಸೈಡ್ ಆಮ್ಲಜನಕವನ್ನು ಹಿಡಿದಿಟ್ಟುಕೊಂಡು ಬೇಕಾದಾಗ ಬಿಡುವುದರಿಂದಲೇ ಆ ಏರಿಳಿತ ಹಿಂದೆ ಕಾಣುವುದಿಲ್ಲ. ಹಿಂದಿನದೂ ಮುಂದಿನದರಂತೆಯೇ ಕುಣಿಯುತ್ತಿದ್ದರೆ ಕನ್ವರ್ಟರ್‌ಗೆ ಆ ಶಕ್ತಿ ಹೋಗಿದೆ ಎಂದೇ ಅರ್ಥ. ಮುಂದೆ ಏರ್-ಫ್ಯುಯಲ್ ಸೆನ್ಸರ್ ಇರುವ ಕಾರುಗಳಲ್ಲಿ ಮುಂದಿನ ಅಳತೆ ಹೀಗೆ ಕುಣಿಯುವುದಿಲ್ಲ. ಅಲ್ಲಿ ಹಿಂದಿನದನ್ನಷ್ಟೇ ಗಮನಿಸಿ.

‘ಹಿಂದಿನ ಸೆನ್ಸರ್ ಬದಲಿಸಿ ನೋಡೋಣ’ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಹಳತಾದ ಸೆನ್ಸರ್ ನಿಧಾನವಾಗುತ್ತದೆ, ಕೆಟ್ಟಿದ್ದು ಒಂದೇ ಕಡೆ ನಿಂತುಬಿಡುತ್ತದೆ. ಚುರುಕಾಗಿ ಏರಿಳಿಯುವ ಸೆನ್ಸರ್ ಆರೋಗ್ಯವಾಗಿಯೇ ಇದೆ.

ಪ್ರಶ್ನೆ: ಪಿಕಪ್ ಇಲ್ಲವೇ ಇಲ್ಲ. ಆಕ್ಸಿಲರೇಟರ್ ಒತ್ತಿದರೂ ವೇಗ ಏರುವುದಿಲ್ಲ. ಕೆಳಗಿನಿಂದ ಗಡಗಡ ಸದ್ದು ಬರುತ್ತದೆ.

ಉತ್ತರ: ಒಳಗಿನ ಜೇನುಗೂಡಿನಂಥ ಸೆರಾಮಿಕ್ ಒಡೆದು ದಾರಿಗೆ ಅಡ್ಡ ಕೂತಿರುವ ಸಾಧ್ಯತೆ ಹೆಚ್ಚು. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ರಬ್ಬರ್ ಸುತ್ತಿಗೆಯಿಂದ ಕನ್ವರ್ಟರನ್ನು ಮೆಲ್ಲಗೆ ತಟ್ಟಿ. ಒಳಗೆ ಚೂರು ಅಲುಗಾಡಿದರೆ ಕೇಳಿಸುತ್ತದೆ. ಖಚಿತವಾಗಬೇಕಾದರೆ ಮುಂದಿನ ಸೆನ್ಸರ್ ಬಿಚ್ಚಿ ಅದೇ ತೂತಿಗೆ ಪ್ರೆಷರ್ ಗೇಜ್ ಹಾಕಿಸಿ. ಐಡಲ್‌ನಲ್ಲಿ ಸುಮಾರು 1.5 ಪಿಎಸ್‌ಐ, 2500 ಆರ್‌ಪಿಎಂನಲ್ಲಿ 3 ಪಿಎಸ್‌ಐ ದಾಟಿದರೆ ಹೊಗೆಗೆ ಹೋಗಲು ದಾರಿಯಿಲ್ಲ. ಸೈಲೆನ್ಸರ್ ಒಳಗೇ ಕಟ್ಟಿಕೊಂಡಿದ್ದರೂ ಇದೇ ಅಳತೆ ಬರುವುದರಿಂದ ಕನ್ವರ್ಟರ್‌ನ ಹಿಂದಿನ ಜಾಯಿಂಟ್ ಬಿಚ್ಚಿ ಇನ್ನೊಮ್ಮೆ ನೋಡಿ. ಆಗಲೂ ಒತ್ತಡ ಇಳಿಯದಿದ್ದರೆ ಕನ್ವರ್ಟರೇ ಕಟ್ಟಿದೆ.

ಪ್ರಶ್ನೆ: ಪೆಟ್ರೋಲ್ ಟ್ಯಾಂಕಿಗೆ ಸುರಿಯುವ ಕ್ಲೀನರ್‌ನಿಂದ ಸರಿಯಾಗುತ್ತದೆಯೇ?

ಉತ್ತರ: ಕರಗಿದ ಸೆರಾಮಿಕ್ ಯಾವ ದ್ರವದಿಂದಲೂ ಮತ್ತೆ ಮೊದಲಿನಂತಾಗುವುದಿಲ್ಲ. ಆಯಿಲ್‌ನ ರಂಜಕ ಕೂತ ಪದರವನ್ನೂ ಅದು ತೆಗೆಯಲಾರದು.

ಪ್ರಶ್ನೆ: ಹೊಸ ಕನ್ವರ್ಟರ್ ಹಾಕಿಸಿದ್ದೆ. ಕೆಲವೇ ತಿಂಗಳಲ್ಲಿ ಅದೇ ಕೋಡ್ ಮತ್ತೆ ಬಂದಿದೆ.

ಉತ್ತರ: ಹಳೆಯದನ್ನು ಕೊಂದ ಕಾರಣ ಗಾಡಿಯಲ್ಲಿ ಹಾಗೇ ಉಳಿದಿರಬೇಕು. ಕನ್ವರ್ಟರ್ ತನ್ನಷ್ಟಕ್ಕೆ ಕೆಡುವುದು ಅಪರೂಪ. ಸ್ಪಾರ್ಕ್ ಪ್ಲಗ್ ಅಥವಾ ಇಗ್ನಿಷನ್ ಕಾಯಿಲ್ ಕೆಟ್ಟು ಮಿಸ್ಸಿಂಗ್ ಇದ್ದರೆ ಸುಡದ ಪೆಟ್ರೋಲ್ ಕನ್ವರ್ಟರ್‌ನೊಳಗೆ ಹೊತ್ತಿಕೊಳ್ಳುತ್ತದೆ. ಆ ಶಾಖಕ್ಕೆ ಸೆರಾಮಿಕ್ ಕರಗುತ್ತದೆ. ಅದಕ್ಕೇ ಚೆಕ್ ಎಂಜಿನ್ ದೀಪ ಮಿನುಗತೊಡಗಿದರೆ ವೇಗ ಇಳಿಸಿ, ಸುರಕ್ಷಿತ ಜಾಗದಲ್ಲಿ ನಿಲ್ಲಿಸಿಬಿಡಿ. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಮಟ್ಟ ಆಗಾಗ ಇಳಿಯುತ್ತಿದೆಯೇ, ರೇಡಿಯೇಟರ್ ಕೂಲಂಟ್ ಕಾರಣವಿಲ್ಲದೆ ಕಡಿಮೆಯಾಗುತ್ತಿದೆಯೇ ಎಂದೂ ನೋಡಿ. ಎರಡೂ ಎಂಜಿನ್‌ನೊಳಗೆ ಸುಟ್ಟು ಹೊಗೆಯ ಜೊತೆ ಬಂದು ಪ್ಲಾಟಿನಂ, ಪಲೇಡಿಯಂ ಲೇಪದ ಮೇಲೆ ಕೂರುತ್ತವೆ. ಈ ಪರೀಕ್ಷೆ ಬಿಟ್ಟು ಮತ್ತೊಂದು ಕನ್ವರ್ಟರ್ ಹಾಕಿಸಿದರೆ ಅದರ ಗತಿಯೂ ಇದೇ.

ಕಾರಣ ಸರಿಪಡಿಸಿ ಹೊಸದು ಕೂರಿಸುವಾಗ ಹಳೆಯ ಪ್ಯಾಕಿಂಗ್ ಮತ್ತೆ ಬಳಸಬೇಡಿ. ಜಾಯಿಂಟ್‌ಗೆ ಸಾಧಾರಣ ಸಿಲಿಕೋನ್ ಸೀಲಂಟ್ ಹಚ್ಚಬೇಡಿ, ಅದರ ಆವಿ ಸೆನ್ಸರ್ ಕೆಡಿಸುತ್ತದೆ. ತುಕ್ಕು ಹಿಡಿದ ಬೋಲ್ಟ್‌ಗಳಿಗೆ ಹಿಂದಿನ ರಾತ್ರಿಯೇ ತುಕ್ಕು ಸಡಿಲಿಸುವ ಎಣ್ಣೆ ಬಿಟ್ಟಿರಿ. ಸೆನ್ಸರ್ ಬಿಚ್ಚಲು ಬಹುತೇಕ ಕಾರುಗಳಿಗೆ 22 ಮಿ.ಮೀ. ಸ್ಪ್ಯಾನರ್ ಸಾಕು. ಮತ್ತೆ ಹಾಕುವಾಗ ತಿರುಪು ಬಿಗಿದು ಹಿಡಿದುಕೊಳ್ಳದಂತೆ ಹಚ್ಚುವ ಆ್ಯಂಟಿ ಸೀಜ್ ಪೇಸ್ಟ್ ತಿರುಪಿನ ಭಾಗಕ್ಕೆ ಮಾತ್ರ ತಾಗಲಿ, ತುದಿಗೆ ಬೇಡ. ಕೋಡ್ ಅಳಿಸಿದ ಮೇಲೆ ಕೆಲವು ದಿನ ಪೇಟೆಯಲ್ಲೂ ಹೆದ್ದಾರಿಯಲ್ಲೂ ಓಡಿಸಿ. ಸ್ಕ್ಯಾನರ್‌ನಲ್ಲಿ ಕ್ಯಾಟಲಿಸ್ಟ್ ಮಾನಿಟರ್ (ಕನ್ವರ್ಟರ್ ಬಗ್ಗೆ ಕಂಪ್ಯೂಟರ್ ತಾನೇ ಮಾಡುವ ಪರೀಕ್ಷೆ) ‘ರೆಡಿ’ ಎಂದು ತೋರಿಸುವವರೆಗೆ ಕೆಲಸ ಮುಗಿದಿಲ್ಲ.