ಗಂಗಾವತಿ, ಕಾರಟಗಿ ಕಡೆಯ ರೈಸ್ ಮಿಲ್ ವಾಸನೆಯನ್ನು ಅಳೆಯಲು ಆಗುತ್ತದೆಯೇ?

ಆಗುತ್ತದೆ, ಆದರೆ ಮನುಷ್ಯರ ಮೂಗಿನಿಂದಲೇ. ಭತ್ತ ನೆನೆಸಿದ ನೀರು ಹುಳಿತಾಗ ಏಳುವ ನಾತದಲ್ಲಿ ಹಲವು ಸಂಯುಕ್ತಗಳಿರುತ್ತವೆ. ಒಂದೊಂದರ ಪ್ರಮಾಣವನ್ನು ಯಂತ್ರ ಹೇಳೀತು. ಎಲ್ಲ ಸೇರಿ ಎಷ್ಟು ನಾರುತ್ತದೆ ಎಂಬುದನ್ನು ಹೇಳದು.

ಆ ನೀರು ನಿಂತ ಹೊಂಡದ ಮೇಲಿನ ಗಾಳಿಯನ್ನು ವಾಸನೆಯಿಲ್ಲದ ಪ್ಲಾಸ್ಟಿಕ್ ಚೀಲದಲ್ಲಿ ಹಿಡಿದು 30 ಗಂಟೆಯೊಳಗೆ ಪರೀಕ್ಷಿಸಬೇಕು. ಆಲ್ಫ್ಯಾಕ್ಟೋಮೀಟರ್ ಎಂಬ ಯಂತ್ರ ಅದಕ್ಕೆ ಶುದ್ಧ ಗಾಳಿ ಬೆರೆಸಿ, ಕನಿಷ್ಠ 4 ಜನರಿಗೆ ಮೂಸಲು ಕೊಡುತ್ತದೆ. ಮೊದಲು ತೀರಾ ತೆಳು, ಆಮೇಲೆ ಗಾಢ. 1,000 ಪಟ್ಟು ತೆಳುವಾದಾಗ ಅರ್ಧದಷ್ಟು ಜನಕ್ಕೆ ಗೊತ್ತಾದರೆ, ಮೂಲ ಗಾಳಿ ಘನ ಮೀಟರಿಗೆ 1,000 ವಾಸನಾ ಯೂನಿಟ್. ಇದು ಯುರೋಪಿನ ಇಎನ್ 13725 ಮಾನದಂಡದ ಕ್ರಮ. ಮೂಸುವವರನ್ನು ಆರಿಸಲು ಎನ್-ಬ್ಯೂಟನಾಲ್ ಎಂಬ ಆಲ್ಕೋಹಾಲಿನ ವಾಸನೆ ತೋರಿಸಿ, ಅದನ್ನು 20ರಿಂದ 80 ಪಿಪಿಬಿ (ಗಾಳಿಯ ನೂರು ಕೋಟಿ ಭಾಗದಲ್ಲಿ ಅಷ್ಟು ಭಾಗ) ನಡುವೆ ಗುರುತಿಸುವವರನ್ನಷ್ಟೇ ಆರಿಸುತ್ತಾರೆ. ಅತಿ ಚುರುಕು ಮೂಗೂ ಬೇಡ!

ಎಡವಟ್ಟಾಗುವುದು ಹೆಚ್ಚಾಗಿ ಚೀಲದಲ್ಲಿ. ಬಿಸಿ ಹಬೆ ತಣಿದು ಒಳಗೆ ಹನಿಗಟ್ಟಿದರೆ ವಾಸನೆ ಅದರಲ್ಲೇ ಕರಗಿ ಅಂಕಿ ಇಳಿಯುತ್ತದೆ. ಅದಕ್ಕೇ ಹಿಡಿಯುವಾಗಲೇ ಒಣ ನೈಟ್ರೋಜನ್ ಬೆರೆಸಬೇಕು, ಬಿಸಿಲಿಗೆ ಇಡಬಾರದು.

ಇನ್ನು ಅನುಭವದ ಲೆಕ್ಕವೇ ಬೇರೆ. ಮೂಗಿಗೆ ಅನಿಸುವ ತೀವ್ರತೆ ಲಾಗರಿದಮ್ ಪ್ರಕಾರ, ಅಂದರೆ ಯೂನಿಟ್‌ಗಿಂತ ತೀರಾ ನಿಧಾನವಾಗಿ ಏರಿಳಿಯುತ್ತದೆ. ಯೂನಿಟ್ ಅರ್ಧಕ್ಕಿಳಿದರೂ ಪಕ್ಕದ ಓಣಿಯವರಿಗೆ ಅಷ್ಟಾಗಿ ಗೊತ್ತಾಗದು. ವಾಸನೆ ಇಳಿದಿದೆ ಎನ್ನುವ ಮಿಲ್‌ನವರೂ ಸುಳ್ಳು ಹೇಳಿರುವುದಿಲ್ಲ, ಇಳಿದಿಲ್ಲ ಎನ್ನುವ ಓಣಿಯವರೂ ಅಲ್ಲ.

ಒಂದು ಎಚ್ಚರಿಕೆ: ಕೊಳೆತ ನೀರಿನಿಂದ ಏಳುವ ಹೈಡ್ರೋಜನ್ ಸಲ್ಫೈಡ್ ಎಂಬ ವಿಷಾನಿಲ ಸುಮಾರು 100 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗದಲ್ಲಿ 100 ಭಾಗ) ಮುಟ್ಟಿದರೆ ಮೂಗೇ ಮರಗಟ್ಟುತ್ತದೆ. ವಾಸನೆ ಇಲ್ಲವೆಂದು ತೊಟ್ಟಿಗೆ ಇಳಿಯಬೇಡಿ. ವಿಷಾನಿಲ ಅಳೆಯುವ ಮೀಟರ್ ಇಳಿಬಿಟ್ಟು ನೋಡಿ.