ಇಟಲಿಯಲ್ಲಿ ಮಕ್ಕಳ ರಾತ್ರಿಯೂಟ

ಪ್ರಶ್ನೆ: ಮೂರು ಮತ್ತು ಏಳು ವರ್ಷದ ಮಕ್ಕಳೊಂದಿಗೆ ಇಟಲಿಗೆ ಹೊರಟಿದ್ದೇವೆ. ಇಬ್ಬರಿಗೂ ಸಂಜೆ ಆರಕ್ಕೇ ಹಸಿವು, ಚಿಕ್ಕವನಿಗೆ ಕಡಲೆಕಾಯಿ ಅಲರ್ಜಿ. ರೆಸ್ಟೋರೆಂಟ್ ಊಟ ನಿಭಾಯಿಸುವುದು ಹೇಗೆ?

ಉತ್ತರ: ಆರಕ್ಕೆ ಊಟದ ಆಸೆ ಬಿಡಿ. ಅಲ್ಲಿ ಬಹುತೇಕ ಕಡೆ ರಾತ್ರಿಯ ಅಡುಗೆ ಶುರುವಾಗುವುದೇ 7 ಅಥವಾ 7.30ಕ್ಕೆ. ಐದೂವರೆಗೆ ಒಂದು ತುಂಡು ಪಿಜ್ಜಾ ಕೊಟ್ಟು, ಬಾಗಿಲು ತೆರೆಯುವ ಹೊತ್ತಿಗೇ ಟೇಬಲ್ ಬುಕ್ ಮಾಡಿ. ಎಂಟೂವರೆಯ ನಂತರ ಜನ ತುಂಬಿ, ತಟ್ಟೆ ಬರುವಷ್ಟರಲ್ಲಿ ಮಗು ನಿದ್ದೆಗೆ ಜಾರಿರುತ್ತದೆ.

ಮಕ್ಕಳ ಮೆನು ಇಲ್ಲದಿದ್ದರೆ ‘ಪಾಸ್ತಾ ಇನ್ ಬಿಯಾಂಕೊ’ ಕೇಳಿ: ಬೆಣ್ಣೆ ಅಥವಾ ಆಲಿವ್ ಎಣ್ಣೆ, ಮೇಲೆ ಚೀಸ್, ಅಷ್ಟೇ. ಇದನ್ನು ದೊಡ್ಡವರ ಮೊದಲ ತಿನಿಸಿನ ಜೊತೆಗೇ ತರಲು ಹೇಳಿ. ಹೇಳದಿದ್ದರೆ ಪಾಸ್ತಾ ತನ್ನ ಸರದಿಗೇ, ಅಂದರೆ ಆ ಮೊದಲ ತಿನಿಸು ಮುಗಿದ ಮೇಲೆ, ಬರುತ್ತದೆ. ಬಿಲ್ಲಿನಲ್ಲಿ ‘ಕೊಪೆರ್ತೊ’ ಎಂದು ತಲೆಗಿಷ್ಟು ಸೇರಿಸಿದ್ದರೆ ಗಾಬರಿ ಬೇಡ, ಅದು ಟಿಪ್ಸ್ ಅಲ್ಲ, ಟೇಬಲ್ ಶುಲ್ಕ.

ಅಲರ್ಜಿ ವಿಷಯದಲ್ಲಿ ಬಾಯಿಮಾತು ಸಾಲದು. ‘ಅರಾಕಿದಿ’ ಅಂದರೆ ಕಡಲೆಕಾಯಿ. ಇಟಾಲಿಯನ್‌ನಲ್ಲಿ ಬರೆಸಿದ ಚೀಟಿ ತೋರಿಸಿ. ಐರೋಪ್ಯ ಒಕ್ಕೂಟದ ನಿಯಮದಂತೆ ತಿಳಿಸಲೇಬೇಕಾದ 14 ಅಲರ್ಜಿಕಾರಕಗಳಲ್ಲಿ ಇದೂ ಒಂದು. ಕರಿದದ್ದಾದರೆ ಯಾವ ಎಣ್ಣೆಯೆಂದೂ ಕೇಳಿ. ಹೆಚ್ಚು ಎಡವುವುದು ಜೆಲಾಟೊ (ಇಟಲಿಯ ಐಸ್‌ಕ್ರೀಮ್) ಅಂಗಡಿಯಲ್ಲಿ: ಒಂದೇ ಸೌಟು ಎಲ್ಲ ಡಬ್ಬಗಳಿಗೂ ಓಡಾಡುತ್ತದೆ. ತೊಳೆದ ಸೌಟಿನಿಂದ, ಹೊಸದಾಗಿ ತೆರೆದ ಡಬ್ಬದಿಂದ ಕೊಡಲಾಗದು ಎಂದರೆ ಬಿಟ್ಟುಬಿಡಿ. ವೈದ್ಯರು ಬರೆದುಕೊಟ್ಟ ತುರ್ತು ಔಷಧಿ ಕೋಣೆಯಲ್ಲಲ್ಲ, ಕೈಚೀಲದಲ್ಲಿರಲಿ.